ಅಟ್ಟದ ಮೇಲೆ ಬುಸುಗುಟ್ಟಿದ ಕಲ್ಲು

"ಅಮ್ಮಾ, ನಮ್ಮ ಅಟ್ಟದ ಮೇಲೆ ಡ್ರಮ್ಮಲ್ಲಿ ಕಲ್ಲು ಬುಸುಗುಡ್ತಾ ಇದೆ."

ರಹೀಮಾ ಬಾಗಿಲಲ್ಲಿ ನಿಂತು ಹೀಗೆಂದಾಗ ಉಮಾಶಂಕರ್‌ಗೆ ನಗು ಬಂತು. ಶ್ರೀನಿವಾಸಪುರದಲ್ಲಿ ಯಾರಿಗೆ ಏನು ವಿಚಿತ್ರ ಕಂಡರೂ ರಮಾದೇವಿಯವರ ಮನೆಗೇ ಬರುವುದು ವಾಡಿಕೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಆಕೆ ಅದೆಷ್ಟೋ ಒಗಟು ಬಿಡಿಸಿದ್ದರು. ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರ್ ಉಮಾಶಂಕರ್ ಎಲ್ಲಕ್ಕೂ ಜೊತೆಗಿರುತ್ತಿದ್ದರು. ಆದರೆ ಬುಸುಗುಡುವ ಕಲ್ಲನ್ನು ಅವರೂ ಕೇಳಿರಲಿಲ್ಲ.

ರಮಾದೇವಿ ನಗಲಿಲ್ಲ. "ಒಲೆ ಹಚ್ಚಿದ್ದೀಯೇನೇ?"

"ಇನ್ನೂ ಇಲ್ಲಮ್ಮ."

"ಹಚ್ಚಬೇಡ. ಸ್ವಿಚ್ಚೂ ಮುಟ್ಟಬೇಡ. ಮಗು ಸಿದ್ರಾನ ಎತ್ಕೊಂಡು ಬೀದಿಗೆ ಬಂದ್ಬಿಡು."

ಜೂನ್ ತಿಂಗಳ ಮೊದಲ ಜೋರು ಮಳೆ ಹಿಂದಿನ ದಿನವಷ್ಟೇ ಬಿದ್ದಿತ್ತು. ಹೆಂಚು ಸೋರಿ, ಅಟ್ಟದ ಮೂಲೆಯಲ್ಲಿ ಗೋಣಿಚೀಲ ಮುಚ್ಚಿಟ್ಟಿದ್ದ ತಗಡಿನ ಡ್ರಮ್ಮಿಗೆ ನೀರಿಳಿದಿತ್ತು. ಅದರೊಳಗಿದ್ದದ್ದು ಕಾರ್ಬೈಡ್. ಎಳೆ ಮಾವಿನಕಾಯಿಗೆ ಹಳದಿ ಬಣ್ಣ ತರಿಸಲು ಕದ್ದು ಬಳಸುವ, ಹಣ್ಣಿಗೆ ಬಳಸಬಾರದೆಂದು ಸರ್ಕಾರ ನಿಷೇಧಿಸಿದ ಪದಾರ್ಥ. ನೀರು ತಾಕಿದರೆ ಅನಿಲ ಹೊರಡುತ್ತದೆ, ಅನಿಲಕ್ಕೆ ಒಂದು ಕಿಡಿ ಸಾಕು. ರಹೀಮಾ ಆ ಬೆಳಗ್ಗೆ ಚಹಾಕ್ಕೆ ಒಲೆ ಹಚ್ಚಿದ್ದರೆ ಮನೆಯೇ ಹೋಗುತ್ತಿತ್ತು.

ಅಗ್ನಿಶಾಮಕದವರು ಡ್ರಮ್ಮನ್ನು ಬಯಲಿಗೆ ಸಾಗಿಸುವಷ್ಟರಲ್ಲಿ ಬೀದಿ ತುಂಬಿತ್ತು, ಮಾತೂ ತುಂಬಿತ್ತು. ರಹೀಮಾಳ ಗಂಡ ಜಾನ್ ಪಾಷಾ ಮಾವಿನ ಮಂಡಿಯೊಂದರಲ್ಲಿ ಕಾಯಿ ವಿಂಗಡಿಸಿ ಪ್ಯಾಕ್ ಮಾಡುವವನು. ಕಾರ್ಬೈಡ್ ಇನ್ನಾರದ್ದಾಗಿರುತ್ತದೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಉಮಾಶಂಕರ್ ಕೂಡ ಒಳಗೊಳಗೇ ಹಾಗೆಯೇ ಅಂದುಕೊಂಡರು.

ಮನೆ ಮಾಲೀಕ ಚನ್ನರಾಯಪ್ಪ ಓಡಿಬಂದ. ಅವನಿಗೂ ಒಂದು ಮಂಡಿಯಿತ್ತು. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಊರಿಗೆಲ್ಲ ಗೊತ್ತು. ಸಬ್ ಇನ್ಸ್‌ಪೆಕ್ಟರ್ ಅಮರನಾಥ್ ಎದುರು ಅವನು ಎದೆ ತಟ್ಟಿಕೊಂಡು ಹೇಳಿದ.

"ಬಸವ ಜಯಂತಿ ದಿನ ನಾನೇ ನಿಂತು ಇಡೀ ಮನೆಗೆ ಸುಣ್ಣ ಬಳ್ದಿದೀನಿ ಸಾರ್. ಕೂಲಿಯವನ್ನೂ ಕರೀಲಿಲ್ಲ. ಅಟ್ಟ ಖಾಲಿ ಇತ್ತು. ಆಮೇಲೆ ಹದಿನೈದು ದಿನಕ್ಕೆ ಇವರು ಬಂದ್ರು. ಇನ್ನು ನೀವೇ ಲೆಕ್ಕ ಹಾಕ್ಕೊಳ್ಳಿ."

ಸಂಜೆಯೊಳಗೆ ಬೇರೆ ಯಾರದೆಂದು ಗೊತ್ತಾಗದಿದ್ದರೆ ಜಾನ್ ಪಾಷಾನನ್ನು ಠಾಣೆಗೆ ಕರೆದೊಯ್ಯಬೇಕಾಗುತ್ತದೆ ಎಂದರು ಅಮರನಾಥ್. ಏಳು ಕಡೆ ಇಲ್ಲ ಅನ್ನಿಸಿಕೊಂಡು ಎಂಟನೆಯದಾಗಿ ಸಿಕ್ಕಿದ ಮನೆ ಅದು. ಇದೂ ಹೋದರೆ ಮಗು ಕಟ್ಟಿಕೊಂಡು ಎಲ್ಲಿಗೆ ಹೋಗುವುದು ಎಂದು ರಹೀಮಾ ರಮಾದೇವಿಯವರನ್ನು ಕೇಳಿದಳು.

ಕಿಟಕಿ ಬಾಗಿಲು ತೆರೆಸಿ, ವಾಸನೆ ಪೂರ್ತಿ ಹೋದಮೇಲೆ ರಮಾದೇವಿ, ಉಮಾಶಂಕರ್ ಇಬ್ಬರೂ ಒಳಗೆ ಹೋದರು. ರಮಾದೇವಿ ಅಟ್ಟದ ಕಡೆ ಒಮ್ಮೆ ನೋಡಿ, ನಡುಮನೆಯ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಸುಣ್ಣ ಬೂದಿ ಬಣ್ಣಕ್ಕಿತ್ತು. ಉಗುರಿನಿಂದ ಕೆರೆದರೆ ನಡುನಡುವೆ ಕಾಗದದ ಚೂರುಗಳು. ಒಂದು ಚೂರಿನ ಮೇಲೆ ಅಚ್ಚಿನ ಅಕ್ಷರಗಳಿದ್ದವು. ಅದನ್ನು ಒದ್ದೆ ಬಟ್ಟೆಯಿಂದ ಬಿಡಿಸಿ ಲಕೋಟೆಗೆ ಹಾಕಿ ಉಮಾಶಂಕರ್ ಕೈಗೆ ಕೊಟ್ಟರು. ಡ್ರಮ್ ಬಿಟ್ಟು ಗೋಡೆ ಕೆರೆಯುವ ಈ ಪತ್ತೇದಾರಿಕೆ ಅವರಿಗೆ ಅರ್ಥವಾಗಲಿಲ್ಲ.

ಅಲ್ಲಿಂದ ವೆಲ್ಡಿಂಗ್ ಅಂಗಡಿಯ ಗಂಗುಲಪ್ಪನ ಹತ್ತಿರ ಹೋದರು. ಸಂಕ್ರಾಂತಿಯವರೆಗೆ ಅದೇ ಮನೆಯಲ್ಲಿ ಬಾಡಿಗೆಗಿದ್ದವನು ಅವನು. ಅವನಿಗೂ ಕಾರ್ಬೈಡ್ ಬೇಕು, ವೆಲ್ಡಿಂಗ್ ಗ್ಯಾಸಿಗೆ. ಉಮಾಶಂಕರ್‌ಗೆ ಕಳ್ಳ ಸಿಕ್ಕಿದಂತೆಯೇ ಅನ್ನಿಸಿತು. ಗಂಗುಲಪ್ಪ ಮಾತ್ರ ಹೆದರಿಕೆಯಿಲ್ಲದೆ ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿದ.

"ಕಲ್ಲು ಹಂಗೇ ಒಳಕ್ಕೆ ಸುರೀತೀನಿ ಮೇಡಂ. ಅಟ್ಟದ ಸಂಗತಿ ನಾಕು ತೆಲೀದು, ನಂಗೊತ್ತಿಲ್ಲ."

ಟ್ಯಾಂಕಿನ ತಳದಲ್ಲಿ ಕೂತಿದ್ದ ಬೂದಿ ಬಣ್ಣದ ರಾಡಿಯನ್ನು ರಮಾದೇವಿ ಕಡ್ಡಿಯಿಂದ ಕೆದಕಿ ನೋಡಿದರು. ನುಣ್ಣಗಿತ್ತು.

ಸಂಜೆ ಐದಕ್ಕೆ ಅದೇ ನಡುಮನೆಯಲ್ಲಿ ಎಲ್ಲರೂ ಸೇರಿದರು. ಚನ್ನರಾಯಪ್ಪನ ಹೆಂಡತಿ ಬಚ್ಚಮ್ಮನೂ ಬಂದು ಬಾಗಿಲ ಬಳಿ ಕೂತಿದ್ದಳು.

ರಮಾದೇವಿ ತರಗತಿಯಲ್ಲಿ ನಿಂತಂತೆ ಶುರುಮಾಡಿದರು. "ಕಾರ್ಬೈಡ್ ಕೆಲಸ ಮುಗಿಸಿದ ಮೇಲೆ ಏನಾಗುತ್ತೆ ಅಮರನಾಥ್? ನಿನಗೇ ಪಾಠ ಮಾಡಿದ್ದೆ."

ಅಮರನಾಥ್ ತಲೆ ಕೆರೆದುಕೊಂಡರು. "ಸುಣ್ಣ ಆಗುತ್ತೆ ಮೇಡಂ."

"ಆಗುತ್ತೆ. ಬೂದಿ ಬಣ್ಣದ ಸುಣ್ಣ. ಅಂಗಡಿ ಸುಣ್ಣ ಅಚ್ಚ ಬಿಳುಪು. ಈ ಗೋಡೆ ನೋಡಿ."

ಎಲ್ಲರೂ ಗೋಡೆಯತ್ತ ತಿರುಗಿದರು. ಕಾಯಿ ಹಣ್ಣು ಮಾಡುವವರು ಕಾರ್ಬೈಡನ್ನು ಪತ್ರಿಕೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ ಕ್ರೇಟಿನಲ್ಲಿ ಇಡುತ್ತಾರೆ, ಹಣ್ಣಾದ ಮೇಲೆ ಆ ಪೊಟ್ಟಣದಲ್ಲಿ ಉಳಿಯುವುದು ಸುಣ್ಣದ ಪುಡಿ ಎಂದು ರಮಾದೇವಿ ವಿವರಿಸಿದರು. ತಿಪ್ಪೆಗೆಸೆಯುವ ಆ ಪುಡಿಯನ್ನು ಒಬ್ಬ ಜಿಪುಣ ಮಾತ್ರ ಮೂಟೆ ಕಟ್ಟಿಟ್ಟಿದ್ದ. ಪುಕ್ಕಟೆ ಸುಣ್ಣವೆಂದು ಗೋಡೆಗೂ ಬಳಿದ. ಜಾನ್ ಪಾಷಾ ಬರುವ ಮೊದಲೇ ಈ ಗೋಡೆ ಒಣಗಿತ್ತು.

ಚನ್ನರಾಯಪ್ಪ ತಡಬಡಾಯಿಸಿದ. "ಅದು ಗಂಗುಲಪ್ಪ ಬಿಟ್ಟುಹೋದ ಸುಣ್ಣ. ನಂಗೇನು ಗೊತ್ತು?"

"ಅವನ ರಾಡೀಲಿ ಕಾಗದ ಇರಲ್ಲ, ಅವನು ಪೊಟ್ಟಣ ಕಟ್ಟೋದೇ ಇಲ್ಲ." ರಮಾದೇವಿ ಲಕೋಟೆಯ ಚೂರನ್ನು ಅಮರನಾಥ್ ಅಂಗೈಯಲ್ಲಿಟ್ಟರು. "ಓದು. ತಾರೀಖು ಇದೆ, ಈ ವರ್ಷದ ಏಪ್ರಿಲ್ ತಿಂಗಳ ಪತ್ರಿಕೆ. ಗಂಗುಲಪ್ಪ ಮನೆ ಬಿಟ್ಟಿದ್ದು ಸಂಕ್ರಾಂತಿಗೆ. ಆಮೇಲೆ ಈ ಮನೆ ಬೀಗದಕೈ ಇದ್ದದ್ದು ಯಾರ ಹತ್ತಿರ?"

ಉತ್ತರ ಕೊಟ್ಟದ್ದು ಬಚ್ಚಮ್ಮ. "ಇವರ ಸೊಂಟದಲ್ಲೇ ಇತ್ತು. ಮಿಕ್ಕಿದ ಮೂಟೆ ಇನ್ನೂ ನಮ್ಮ ಹಿತ್ತಲಲ್ಲಿದೆ, ಬಂದು ನೋಡಿ ಸಾರ್."

ಚನ್ನರಾಯಪ್ಪ ಕೊನೆಗೆ ಬಾಯಿಬಿಟ್ಟ. ಏಪ್ರಿಲ್‌ನಲ್ಲಿ ಅಧಿಕಾರಿಗಳು ಮಂಡಿ ಮಂಡಿ ತಪಾಸಣೆ ಮಾಡುತ್ತಿದ್ದಾರೆಂದು ಸುದ್ದಿ ಬಂದಿತ್ತು. ಡ್ರಮ್ಮನ್ನು ತಂದು ಖಾಲಿ ಮನೆಯ ಅಟ್ಟದಲ್ಲಿಟ್ಟ. ಸಿಕ್ಕಿಬಿದ್ದರೆ ಬಾಡಿಗೆಯವರ ತಲೆಗೆ ಕಟ್ಟಬಹುದೆಂದೇ ಮಂಡಿ ಕೆಲಸದವನಿಗೆ ಮನೆ ಕೊಟ್ಟ. ಇಷ್ಟನ್ನೂ ಅವನು ನೆಲ ನೋಡುತ್ತ ಒಪ್ಪಿಕೊಂಡ.

ಅಮರನಾಥ್ ಅವನನ್ನು ಜೀಪಿಗೆ ಹತ್ತಿಸಿದರು. ಬಚ್ಚಮ್ಮ ಎದ್ದು ರಹೀಮಾಳ ಹತ್ತಿರ ಬಂದಳು.

"ಈ ಮನೆ ನನ್ನ ಹೆಸರಲ್ಲಿದೆ ಕಣೇ, ಅಪ್ಪನ ಮನೇವ್ರು ಕೊಟ್ಟಿದ್ದು. ನೀವೆಲ್ಲಿಗೂ ಹೋಗ್ಬೇಡಿ."

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ರಹೀಮಾ ಈಗ ಗೋಡೆಗೊರಗಿ ಅತ್ತುಬಿಟ್ಟಳು. ಉಮಾಶಂಕರ್‌ಗೆ ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ. ಜಾನ್ ಪಾಷಾನ ಬಳಿ ಹೋಗಿ, ತಾನೂ ಅವನನ್ನೇ ಅನುಮಾನಿಸಿದ್ದೆನೆಂದು ಹೇಳಿಕೊಂಡರು.

"ಗೊತ್ತು ಸಾರ್," ಎಂದ ಅವನು. "ಈ ಬೀದೀಲಿ ಅನುಮಾನ ಪಡದೇ ಇದ್ದೋರು ಅಮ್ಮಾವ್ರು ಒಬ್ಬರೇ."

ರಮಾದೇವಿ ಕನ್ನಡಕ ತೆಗೆದರು. "ಇಲ್ಲ ಪಾಷಾ. ಗೋಡೆ ನೋಡೋ ತನಕ ನಾನೂ ನಿನ್ನನ್ನೇ ಅಂದ್ಕೊಂಡಿದ್ದೆ."

ಜಾನ್ ಪಾಷಾ ಅಳುತ್ತಿದ್ದ ಹೆಂಡತಿಯನ್ನೊಮ್ಮೆ ನೋಡಿದ.

"ಅಂದ್ಕೊಂಡೂ ಬಂದು ನೋಡಿದ್ರಲ್ಲಮ್ಮ," ಎಂದ. "ಮಿಕ್ಕೋರು ಅಂದ್ಕೊಂಡು ಮನೆಗೆ ಹೋದ್ರು."