ಸಂಜೆ ಆರಕ್ಕೆ ಏಳುವ ಕಂಪ್ಯೂಟರ್

ಯಾರೂ ಮುಟ್ಟಲಿಲ್ಲ. ಸಂಜೆ ಆರಕ್ಕೆ ಸರಿಯಾಗಿ ಕಂಪ್ಯೂಟರ್ ತಾನಾಗಿಯೇ ಎದ್ದಿತು.

ಕೈಲಾಂಚದ ಆ ಮನೆಯ ಹೊಸಿಲು ದಾಟುತ್ತಿದ್ದ ಬಾಲರಾಜು ಅಲ್ಲೇ ನಿಂತ. ರಾಮನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಇಂಥದ್ದಕ್ಕೆಲ್ಲ ಹೆದರುವವನಲ್ಲ. ಆದರೂ ಕತ್ತಲ ಮೂಲೆಯಲ್ಲಿ ಆ ನೀಲಿ ಬೆಳಕು, ಪರದೆ ತುಂಬ ನಗುವ ಒಬ್ಬ ಯುವಕ, ಅವನ ಮುಂದೆ ಹಬೆಯಾಡುವ ಕಾಫಿ ಲೋಟ, ಸುತ್ತ ಸಾಂಬ್ರಾಣಿ ಹೊಗೆ...

ಒಳಗೆ ಏನೋ ಟಿಕ್... ಟಿಕ್... ಎನ್ನುತ್ತಿತ್ತು.

"ಅಣ್ಣ ಶಿಫ್ಟ್ ಮುಗಿಸ್ಕಂಡು ಬರ್ತಿದ್ದ ಹೊತ್ತಿದು," ಎಂದಳು ರಿಪೇರಿಗೆ ಅವನನ್ನು ಕರೆಸಿದ್ದ ಭಾನುಪ್ರಿಯ, ಮೆಲ್ಲಗೆ. ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿ, ಒಂದು ಕ್ಷಣ ಅಲ್ಲೇ ನಿಂತಿತು.

ಅಣ್ಣ ಕೆಂಪರಾಜು ಬಿಡದಿಯ ಕೆಲಸದಿಂದ ಬರುವಾಗ ರಸ್ತೆಯಲ್ಲೇ ತೀರಿಕೊಂಡು ವರ್ಷವಾಗಿತ್ತು. ಅವನ ಫೋಟೋಗಳು, ನಗುತ್ತಾ ಮಾತಾಡಿದ ಒಂದು ರೆಕಾರ್ಡಿಂಗ್, ಎಲ್ಲ ಇದರೊಳಗೇ. ಬೇರೆಲ್ಲೂ ಇಲ್ಲ. ಈಚೆಗೆ ದಿನಾ ಆರಕ್ಕೆ ಅದು ಹೀಗೆ ಏಳುತ್ತಿತ್ತು. ಪರದೆಯ ತಾರೀಖು ಮಾತ್ರ ದಿನಾ ಒಂದೇ: ೨೦೦೨ರ ಜನವರಿ ಒಂದು. ಅವನು ಬದುಕಿದ್ದ ವರ್ಷ. ಅವ್ವ ವೆಂಕಟಲಕ್ಷ್ಮಮ್ಮ ಮಗನಿಗೆಂದು ಕಾಫಿ ಇಟ್ಟು, ಧೂಪ ಹಾಕುತ್ತಿದ್ದಳು.

ಬಾಲರಾಜು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ನೋಡಿ, ಭಾನುವನ್ನು ಹಿತ್ತಿಲಿಗೆ ಕರೆದು ಹೇಳಿದ. ಒಳಗಿನ ಪುಟ್ಟ ಸೆಲ್ ಸತ್ತಿದೆ. ಅದಕ್ಕೇ ಮಿಷನ್ನು ತಾರೀಖು ಮರೆತಿದೆ, ಸೆಟ್ಟಿಂಗ್ ಮರೆತಿದೆ, ಊರಿಗೆ ಆರಕ್ಕೆ ಕರೆಂಟ್ ಬಂದ ಕೂಡಲೇ ಏಳುತ್ತದೆ. ಧೂಪದ ಮಸಿ ಫ್ಯಾನಿಗೆ ಮೆತ್ತಿ, ಫೋಟೋಗಳೆಲ್ಲ ಇರುವ ಹಾರ್ಡ್ ಡಿಸ್ಕ್ ಕಾದುಹೋಗಿದೆ. ಆ ಟಿಕ್ ಟಿಕ್ ಅದು ಸಾಯುವ ಸದ್ದು. ಹೊಸದು ಹಾಕಬೇಕು.

ಅವ್ವನ ಮಗನನ್ನು ಇವನು ಒಂದು ಸೆಲ್ಲಿಗೆ ಇಳಿಸಿಬಿಟ್ಟನಲ್ಲ!

"ಸಾಮಾನು ಮಾರಾಕೆ ಬಂದೋರ್ಗೆ ನಮ್ ನೋವು ಏನ್ ಗೊತ್ತಾಯ್ತದೆ? ಹೋಗಿ," ಎಂದು ಸಿಡುಕಿದಳು ಭಾನು.

ಅವನು ಪೆಟ್ಟಿಗೆಯನ್ನು ಮೊದಲಿನಂತೆ ಮುಚ್ಚಿಟ್ಟು ಹೋದ.

ಮೂರನೇ ದಿನ ಆರಕ್ಕೆ ಕಂಪ್ಯೂಟರ್ ಎದ್ದಿತು. ಪರದೆ ಕಪ್ಪಗೇ ಉಳಿಯಿತು. ಟಿಕ್... ಟಿಕ್... ಅಷ್ಟೇ. ಅವ್ವ ಆ ಕಪ್ಪಿನ ಮುಂದೆಯೇ ಕಾಫಿ ಇಟ್ಟಳು.

"ಯಾಕ್ ಮಗ, ಮಕ ತೋರಾಕಿಲ್ವಾ?"

ಭಾನು ಸ್ವಿಚ್ ಆರಿಸಿದಳು. ಅಣ್ಣನನ್ನು ಎರಡನೇ ಸಲ ಕಳೆದುಕೊಂಡದ್ದು ನನ್ನಿಂದಲೇನಾ...

ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೋಗಿ ಅವನ ಅಂಗಡಿ ಮುಂದೆ ನಿಂತಳು. ಅವನು ಒಂದು ಚುಚ್ಚುಮಾತೂ ಆಡಲಿಲ್ಲ.

ಒಂಬತ್ತು ದಿನ. ಡಿಸ್ಕ್ ತಣ್ಣಗಿದ್ದಷ್ಟು ಹೊತ್ತು ಓಡಿಸಿ, ಕಾದರೆ ನಿಲ್ಲಿಸಿ, ಒಂದೊಂದೇ ಫೋಟೋ, ಕೊನೆಗೆ ಆ ರೆಕಾರ್ಡಿಂಗನ್ನೂ ಹೊರಗೆ ಎತ್ತಿದ. ಹತ್ತನೇ ದಿನ ತಾನೇ ಕೈಲಾಂಚಕ್ಕೆ ತಂದ. ಹೊಸ ಡಿಸ್ಕ್, ಹೊಸ ಸೆಲ್, ಸರಿಯಾದ ತಾರೀಖು.

ಧೂಪದ ಬಟ್ಟಲನ್ನು ಅವ್ವ ಅಂದು ಹೊಸಿಲಿನಾಚೆಯೇ ಇಟ್ಟಿದ್ದಳು.

ಆರಕ್ಕೆ ಕರೆಂಟ್ ಬಂತು. ಹೊಸ ಸೆಲ್ ಬಿದ್ದ ಮೇಲೆ ಇನ್ನು ಅದು ತಾನಾಗಿ ಏಳುವುದಿಲ್ಲ ಎಂದುಕೊಂಡು ಭಾನು ಅವ್ವನ ಕೈ ಹಿಡಿದಳು.

ಕಂಪ್ಯೂಟರ್ ಎದ್ದಿತು. ಪರದೆಯಲ್ಲಿ ಕೆಂಪರಾಜು ನಕ್ಕ.

"ಸೆಲ್ ಹಾಕಿದ್ರಲ್ಲ..." ಎಂದು ಭಾನು ಬಾಲರಾಜುವಿನತ್ತ ತಿರುಗಿದಳು.

"ಹಾಕಿವ್ನಿ. ಕರೆಂಟ್ ಬಂದ್ರೆ ಏಳ್ಲಿ ಅಂತ ನಾನೇ ಸೆಟ್ಟಿಂಗ್ ಮಾಡ್ದೆ."

ಅವ್ವ ಅವನತ್ತ ತಿರುಗಿದಳು. "ಕರೆಂಟ್‌ಗೆ ಏಳ್ತದೆ ಅಂತ ನಂಗೂ ಗೊತ್ತು ಕಣಪ್ಪ. ಆದ್ರೂ ಆರಾದ್ರೆ ಯಾರ್ನಾರ ಕಾಯ್ಬೇಕಲ್ಲ."

ಪರದೆಯ ಮುಂದಿದ್ದ ಕಾಫಿ ಲೋಟವನ್ನು ಅವನ ಕೈಗಿತ್ತು ಒಳಗೆ ಹೋದಳು.

ಬಾಲರಾಜು ಜೇಬಿನಿಂದ ಎರಡು ಸಿಡಿ ತೆಗೆದ. ಎರಡರಲ್ಲೂ ಅಣ್ಣನೇ. "ಒಂದು ಇಲ್ಲಿರ್ಲಿ. ಇನ್ನೊಂದು ಬೇರೆ ಮನೇಲಿರ್ಬೇಕು. ಒಂದು ಹಾಳಾದ್ರೂ ಇನ್ನೊಂದು ಉಳೀತದೆ."

"ಬೇರೆ ಮನೆ ಅಂದ್ರೆ?"

"ನಮ್ಮನೆ... ನೀವೂ ಅಲ್ಲಿರ್ತೀನಿ ಅಂದ್ರೆ."

ಅವಳು ನಗುವ ಅಣ್ಣನನ್ನೇ ನೋಡುತ್ತಾ ನಿಂತಳು.

"ಆಗ ಆರ್ಗಂಟೆಗೆ ಅವ್ವನ ಜೊತೆ ಯಾರಿರ್ತಾರೆ?"

"ನಾವೇ ಬತ್ತೀವಿ. ಇಬ್ರೂ."