ನಂಜುಂಡಯ್ಯ ಕೇಳಿದ್ದು

ಅವಮಾನವನ್ನು ಅನಂತರಾಜು ಹೇಗಾದರೂ ನುಂಗಿಕೊಳ್ಳುತ್ತಿದ್ದ. ಆದರೆ ಅದರ ಜೊತೆ ಕಾರ್ಖಾನೆಯೂ ಹೋಗುವಂತಿತ್ತು.

ರಾಮನಗರ ಹೊಸ ಜಿಲ್ಲೆಯಾದ ವರ್ಷ ಅದು. ಕನಕಪುರದ ಹೊರಗಿನ ಕೆರೆಯ ದಡದಲ್ಲಿ ಪಾರ್ಕು ಮಾಡುವುದೆಂದಾಗಿ, ಜನರ ಅಭಿಪ್ರಾಯ ಕೇಳಲು ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. ಮಣ್ಣು ತುಂಬುವ ಕಂಟ್ರಾಕ್ಟು ಅನಂತರಾಜುವಿನದು. ಕೆರೆಯಂಚಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯೂ ಅವನದೇ. ಎದ್ದು ನಿಂತು "ಕೆರೆ ನಮ್ಮ ತಾಯಿ" ಎಂದು ಶುರು ಮಾಡಿದ್ದಷ್ಟೆ, ಹಿಂದಿನ ಸಾಲಿನಿಂದ ಎಮ್ಮೆ ಸಾಕುವ ಮುದುಕ ನಂಜುಂಡಯ್ಯನ ದನಿ ಬಂತು.

"ತಾಯಿ ಸೆರಗಿನ್ ಮ್ಯಾಲೇ ಶೆಡ್ ಹಾಕಿದ್ದೀಯಲ್ಲೋ. ಕೆರೆ ಗಡಿಕಲ್ಲು ನಿನ್ ಮಿಷಿನ್ ಕೆಳ್ಗೇ ಐತೆ. ಸರ್ವೆಯೋರು ಬರ್ಲಿ, ನಾನೇ ತೋರುಸ್ತೀನಿ."

ಸಭೆ ಬಿದ್ದು ಬಿದ್ದು ನಕ್ಕಿತು. ಅನಂತರಾಜು ಆ ನಗುವಿನ ನಡುವೆಯೇ ಎದ್ದು ಹೊರಟ. ಹಿಂದೆ ನಂಜುಂಡಯ್ಯ ಇನ್ನೂ ಏನೋ ಹೇಳುತ್ತಲೇ ಇದ್ದ. ಬೊಗಳಲಿ ಎಂದುಕೊಂಡು ಜೀಪು ಹತ್ತಿದ.

ಆ ಕಲ್ಲು ಕಂಡವರಲ್ಲಿ ಬದುಕಿದ್ದವನು ಮುದುಕನೊಬ್ಬನೇ. ಅವನು ಹೋದರೆ ಕಲ್ಲೂ ಹೋದಂತೆ. ಹೆಣಕ್ಕೆ ಜಾಗವನ್ನು ಪಾರ್ಕಿನ ನಕ್ಷೆಯೇ ತೋರಿಸಿತ್ತು. ದಡದ ದೊಡ್ಡ ತಗ್ಗನ್ನು ಮುಚ್ಚಿ, ಮಕ್ಕಳು ಆಡಲು ಮಣ್ಣಿನ ಗುಡ್ಡ ಮಾಡುವುದಿತ್ತು. ಮಕ್ಕಳ ಗುಡ್ಡವನ್ನು ಯಾವ ಪೊಲೀಸ್ ಅಗೆಸುತ್ತಾನೆ?

ಭಾನುವಾರ ಕೆಲಸಗಾರರಿಗೆ ರಜೆ. ಅನಂತರಾಜು ಕಲ್ಲು ಕೊಯ್ಯುವ ಮಿಷಿನನ್ನು ತಾನೇ ಚಾಲೂ ಮಾಡಿದ. ಅದು ಅರಚುವಾಗ ಒಳಗೆ ಮನುಷ್ಯ ಅರಚಿದರೆ ಹೊರಗೆ ಕೇಳುವುದಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನನ್ನು ಬಾಗಿಲಲ್ಲೇ ಕರೆದ.

"ಬಾ ನಂಜುಂಡಣ್ಣ, ಕಲ್ಲು ಎಲ್ಲೈತೆ ತೋರ್ಸು. ಶೆಡ್ ನಾನೇ ತೆಗ್ಸಾಕ್ತೀನಿ."

ಮುದುಕನ ಮುಖ ಅರಳಿತು. "ಈಗ ಬುದ್ಧಿ ಬಂತು ನೋಡು," ಎನ್ನುತ್ತ ಒಳಗೆ ಬಂದು, ಮಿಷಿನ್ ಪಕ್ಕ ಕುಕ್ಕರಗಾಲಲ್ಲಿ ಕೂತು ನೆಲ ತಟ್ಟಿದ. ಹಾರೆಯ ಮೊದಲ ಪೆಟ್ಟು ಹೆಗಲ ಮೂಳೆ ಮುರಿಯಿತು. ಅವನು ಬೀಳಲಿಲ್ಲ, ತಿರುಗಿ ಅಂಗಿ ಹಿಡಿದುಕೊಂಡ. ಎರಡನೆಯದಕ್ಕೆ ದವಡೆ ಒಡೆದು ಹಲ್ಲುಗಳು ಹಾಸುಗಲ್ಲಿನ ಮೇಲೆ ಚೆಲ್ಲಿದವು. ಆಮೇಲೆ ಅನಂತರಾಜು ತಲೆಗೇ ಹೊಡೆದ. ಸಭೆಯಲ್ಲಿ ನಕ್ಕವರೆಲ್ಲರ ಪಾಲಿನದನ್ನೂ ಸೇರಿಸಿ, ತೋಳು ಸೋಲುವವರೆಗೂ ಹೊಡೆದ. ಅವನಿಗೆ ಭಯವಾಗಲಿಲ್ಲ, ಹಾಯೆನಿಸಿತು. ಅಂಗಿ ಬಿಡದ ಬೆರಳುಗಳನ್ನು ಒಂದೊಂದಾಗಿ ಮುರಿದು ಬಿಡಿಸಿಕೊಂಡ.

ಕಲ್ಲಿನ ಕೆಸರು ಕೆಂಪಾಯಿತು, ಪೈಪಿನ ನೀರಿಗೆ ಮತ್ತೆ ಬೆಳ್ಳಗಾಯಿತು. ಹೆಣವನ್ನು ಜೆಸಿಬಿಯ ಬಕೆಟ್ಟಿನಲ್ಲೇ ಒಯ್ದು ತಗ್ಗಿಗೆ ಹಾಕಿ ಮೇಲೆ ಮಣ್ಣು ಸುರಿದ. ಮರುದಿನ ಟೀ ಅಂಗಡಿಯಲ್ಲಿ, ನಂಜುಂಡಣ್ಣ ಬೆಂಗಳೂರು ಬಸ್ಸು ಹತ್ತಿದ್ದನ್ನು ಕಂಡೆ ಎಂದ. ಎಮ್ಮೆಗಳು ಮಾತ್ರ ತಾವಾಗಿ ಮನೆಗೆ ಬಂದಿದ್ದವು, ಅವುಗಳನ್ನು ಯಾರೂ ವಿಚಾರಿಸಲಿಲ್ಲ.

ಆದರೂ ಸಭೆಯ ಜಗಳ ನೆನೆದು ಕೆಲವರು ಅವನನ್ನು ಓರೆಗಣ್ಣಿನಲ್ಲಿ ನೋಡತೊಡಗಿದರು. ಅದಕ್ಕೂ ಮದ್ದು ಅವನಲ್ಲಿತ್ತು. ಮುದುಕ ಅವತ್ತು ಪಾರ್ಕಿಗೆಂದು ಏನೋ ಕೇಳಿದ್ದನಂತೆ, ಬೆಂಚೋ ನಲ್ಲಿಯೋ ಇರಬೇಕು. ಎರಡನೇ ಸಭೆಗೆ ಎಲ್ಲರಿಗಿಂತ ಮೊದಲೇ ಹೋಗಿ, ಸಮಯ ನೋಡಿ ಕೈಮುಗಿದು ಎದ್ದ.

"ನಂಜುಂಡಣ್ಣ ನಂಗೆ ಬೈದಿರ್ಬೋದು, ಆದ್ರೆ ಊರಿಗೆ ಬೇಕಾದೋನು. ಎಲ್ಲಿದ್ರೂ ಚೆಂದಾಗಿರ್ಲಿ. ಅವತ್ತು ಆವಣ್ಣ ಈ ಪಾರ್ಕಲ್ಲಿ ಏನ್ ಕೇಳ್ತೋ ಅದ್ನೇ ಮೊದ್ಲು ಮಾಡಿ. ನನ್ ಜೆಸಿಬಿ ಹೊರ್ಗೇ ನಿಂತೈತೆ, ಈಗ್ಲೇ ತಗೊಂಡೋಗಿ."

ಜನ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿದ್ದ ಇನ್‌ಸ್ಪೆಕ್ಟರ್ ಕೂಡ ತಲೆದೂಗಿದ. ಅನಂತರಾಜು ಕಣ್ಣೊರೆಸಿಕೊಂಡು ಕೂತ. ಆಗ ನಂಜುಂಡಯ್ಯನ ಹೆಂಡತಿ ಸರಸಮ್ಮ ಮೆಲ್ಲಗೆ ಎದ್ದಳು. "ನಿಂಗೆ ಪುಣ್ಯ ಬರ್ಲಿ ಕಣಪ್ಪ. ಆ ತಗ್ಗಲ್ಲಿ ಗುಡ್ಡ ಬ್ಯಾಡ, ಇನ್ನೊಸಿ ಆಳ ತೋಡಿ ಎಮ್ಮೆ ಇಳ್ಯೋಕೆ ಒಂದು ಹೊಂಡ ಮಾಡ್ಕೊಡಿ ಅಂತ ಕೇಳಿದ್ರು ನಮ್ಮೆಜಮಾನ್ರು. ಊರೋರೆಲ್ಲ ಹೂಂ ಅಂದಿದ್ರು. ನೀನಾಗ್ಲೇ ಎದ್ದೋಗಿದ್ದೆ." ಇಂಜಿನಿಯರು ಗೋಡೆಯ ನಕ್ಷೆಯಲ್ಲಿದ್ದ ಗುಡ್ಡಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದ. ಹೊರಗೆ ಅನಂತರಾಜುವಿನ ಡ್ರೈವರು ಆಗಲೇ ಜೆಸಿಬಿ ಚಾಲೂ ಮಾಡಿದ್ದ, ಜನ ಅದರ ಹಿಂದೆ ಕೆರೆಯ ಕಡೆ ಹೊರಟಿದ್ದರು.