ಸಿರಾ ಹಾಳೆಗೆ ಕೂಡದ ಗೆರೆ

೧೯೮೮ರ ಫೆಬ್ರವರಿ ೯ರ ಬೆಳಿಗ್ಗೆ, ಮಣ್ಣು ಸಮೀಕ್ಷೆಯ ಶಿಬಿರ ಕಚೇರಿಯ ಅಧಿಕಾರಿ ಸಿದ್ದಗಂಗಯ್ಯ ಮಧುಗಿರಿ ಠಾಣೆಗೆ ದೂರು ತಂದರು. ನಾಲ್ಕು ತಾಲ್ಲೂಕುಗಳ ಮಣ್ಣಿನ ನಕ್ಷೆಗಳನ್ನು ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಏರಿಸುತ್ತಿದ್ದರು. ಒಂದೊಂದು ಬಗೆಯ ಮಣ್ಣಿಗೆ ಒಂದೊಂದು ಅಂಕಿ. ಪಕ್ಕದ ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿದಾಗ ಗೆರೆಗಳು ಕೂಡಬೇಕು. ಮಧುಗಿರಿ ಹಾಳೆ ಸಿರಾ ಹಾಳೆಗೆ ಕೂಡಲಿಲ್ಲ. ಬಡವನಹಳ್ಳಿಯ ಆಚೆ, ಸಿರಾ ಕಡೆಗೆ ಬರೀ ಗರಸು ನೆಲ. ಗಡಿ ದಾಟಿ ಈಚೆ ಬಂದೊಡನೆ ಉಳುಮೆಗೆ ಒದಗುವ ಮಣ್ಣು.

"ಮಣ್ಣಿಗೆ ತಾಲ್ಲೂಕು ಗೊತ್ತಾಗುತ್ತೇನ್ರೀ? ಯಾರೋ ತಿದ್ದಿದ್ದಾರೆ," ಎಂದರು ಸಿದ್ದಗಂಗಯ್ಯ.

ಇನ್ಸ್‌ಪೆಕ್ಟರ್ ಮರುಳಸಿದ್ದಯ್ಯ ಎಫ್‌ಐಆರ್ ಬರೆಸಿದರು. ಅದು ಮುಗಿಯುವವರೆಗೂ ಕೂರಲಾರದೆ ಎರಡು ಸಲ ಹೊರಗೆ ಹೋಗಿಬಂದರು. ಆಮೇಲೆ ಕಾನ್‌ಸ್ಟೆಬಲ್ ಓಬಳಪ್ಪನೊಂದಿಗೆ ಶಿಬಿರ ಕಚೇರಿಗೆ ಹೊರಟರು.

ಬೆಂಗಳೂರಿನಿಂದ ಹಿಂದಕ್ಕೆ ಬಂದಿದ್ದ ಮಧುಗಿರಿ ಹಾಳೆಯನ್ನು ಪಂಚರ ಎದುರು ಕಿಟಕಿಗೆ ಹಿಡಿದರು. ಪಾರದರ್ಶಕ ಹಾಳೆಯ ಒಂದು ಕಡೆ ಬ್ಲೇಡಿನಿಂದ ಕೆರೆದ ಗುರುತು. ಅದರ ಮೇಲೆ ಎಳೆದ ಹೊಸ ಶಾಯಿ ಅಂಚಿನಲ್ಲಿ ಹರಡಿತ್ತು. ಹಾಳೆಯನ್ನು ವಶಕ್ಕೆ ಪಡೆದು ಪಂಚನಾಮೆ ಮಾಡಲಾಯಿತು.

ಹಾಳೆ ಮುಟ್ಟಿದವರು ಇಬ್ಬರೇ. ಅದನ್ನು ಬರೆದ ಟ್ರೇಸರ್ ಚಿಕ್ಕರಂಗಯ್ಯ, ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದ ಗುಮಾಸ್ತ ಮುನೀರ್. ಮೊದಲು ಮುನೀರನನ್ನು ಕರೆದರು.

"ದಾರೀಲಿ ನಕ್ಷೆ ಸುತ್ತಿಟ್ಟ ಕೊಳವೆ ಬಿಚ್ಚಿದೆಯಾ?"

"ಬಿಚ್ಚೋಕೆ ಜಾಗ ಬೇಕಲ್ಲ ಸಾರ್. ಕೊರಟಗೆರೆವರೆಗೂ ಒಂಟಿ ಕಾಲಲ್ಲಿ ನಿಂತಿದ್ದೆ."

"ನಗಬೇಡ. ಕೆಲಸ ಹೋಗುತ್ತೆ."

"ಅದಕ್ಕೇ ನಗ್ತಿದೀನಿ. ಅತ್ತರೆ ಒಪ್ಕೊಂಡಂಗಾಗುತ್ತೆ."

ಚಿಕ್ಕರಂಗಯ್ಯ ಒಂದೇ ಮಾತು ಹೇಳಿದ: "ನಾನು ಬರೆದಾಗ ಸರಿಯಾಗಿತ್ತು."

ಗರಸು ನೆಲವನ್ನು ಒಳ್ಳೆಯದೆಂದು ತೋರಿಸಿದರೆ ಯಾರಿಗೆ ಲಾಭ? ಮರುಳಸಿದ್ದಯ್ಯ ಕೇಳಿದರು.

"ಉಳೋಕೆ ಬಾರದ ಗೋಮಾಳಕ್ಕೆಲ್ಲ ಬೇಲಿ ಹಾಕಿ ನೀಲಗಿರಿ ನೆಡ್ತಾರೆ. ಆ ಪಟ್ಟಿ ಈ ನಕ್ಷೆಯಿಂದಲೇ ಬರೋದು," ಎಂದರು ಸಿದ್ದಗಂಗಯ್ಯ.

ಮಧ್ಯಾಹ್ನವೇ ಜೀಪು ಬಡವನಹಳ್ಳಿ ದಾಟಿ ಹಾಳೆಯಲ್ಲಿ ತಿದ್ದಿದ್ದ ಜಾಗಕ್ಕೆ, ಅಲ್ಲಿನ ಗೋಮಾಳಕ್ಕೆ ಹೋಯಿತು. ಒಣಗಾಳಿ ಬೀಸುತ್ತಿತ್ತು. ಹತ್ತಿರದ ಗೊಲ್ಲರ ಹಟ್ಟಿಯ ಕ್ಯಾತಮ್ಮ ಕುರಿ ಮೇಯಿಸುತ್ತಿದ್ದಳು. ಓಬಳಪ್ಪನೇ ಮಾತು ತೆಗೆದ.

"ಇಲ್ಲಿ ನೀಲಗಿರಿ ನೆಟ್ರೆ ಕುರಿ ಎಲ್ಲಿಗೆ ಹೊಡೀತೀಯಮ್ಮ?"

"ನೆಡಾಕಿಲ್ಲ ಬುಡಪ್ಪ. ಹಟ್ಟಿಯೋರೆಲ್ಲ ಹೆದರ್ಕೊಂಡಿದ್ರು. ನಮ್ ರಂಗ ಬಂದು, ಈ ನೆಲ ಬೇಲಿಗೆ ಸೇರಾಕಿಲ್ಲ ಕಣವ್ವ ಅಂದ."

"ಯಾವ ರಂಗ?"

"ನನ್ ಮಗ, ಚಿಕ್ಕರಂಗ. ಮಧುಗಿರೀಲಿ ನಕ್ಸೆ ಬರೀತಾನೆ. ಪೊಲೀಸ್ನೋರಾಗಿ ಅವ್ನು ಗೊತ್ತಿಲ್ವಾ?"

ನೀರು ಕುಡಿದು ಹೋಗಿ ಎಂದು ಕ್ಯಾತಮ್ಮ ಚೊಂಬು ತೆಗೆದಳು. ಮರುಳಸಿದ್ದಯ್ಯ ಆಗಲೇ ಜೀಪಿನ ಬಳಿ ಇದ್ದರು.

ಸಂಜೆ ಕಚೇರಿ ಬಿಡುವ ಹೊತ್ತಿಗೆ ಚಿಕ್ಕರಂಗಯ್ಯನನ್ನು ಬಂಧಿಸಿದರು. ಮುನೀರನಿಗೆ ಮನೆಗೆ ಹೋಗಲು ಹೇಳಿದರು.

"ಸಿರಾ ಹಾಳೆ ಯಾಕೆ ಬಿಟ್ಟೆ?" ಮರುಳಸಿದ್ದಯ್ಯ ಠಾಣೆಯಲ್ಲಿ ಕೇಳಿದರು.

"ಅದನ್ನ ಸಿರಾದಲ್ಲೇ ಬರೆದ್ರು. ನನ್ನ ಕೈಗೆ ಬರಲಿಲ್ಲ." ಚಿಕ್ಕರಂಗಯ್ಯ ಬೆರಳ ಶಾಯಿಯನ್ನು ಪಂಚೆಗೆ ಒರೆಸಿಕೊಂಡ. "ಆಚೆ ಕಡೇದು ಹೋಗ್ಲಿ, ನಮ್ದು ಉಳಿದ್ರೆ ಸಾಕು ಅಂದ್ಕೊಂಡೆ." ಸ್ವಲ್ಪ ತಡೆದು ಕೇಳಿದ: "ಹಟ್ಟಿಗೆ ಹೋಗಿದ್ರಾ ಸಾರ್? ಅವ್ವ ಹೇಳಿದ್ಲಾ?"

ಮರುಳಸಿದ್ದಯ್ಯ ಎದ್ದು ಬಾಗಿಲವರೆಗೆ ಹೋಗಿಬಂದರು.

"ಅವಳ ಮಾತಿಂದಲೇ ನಾನು ಸಿಕ್ಕಿಬಿದ್ದೆ ಅಂತ ಅವಳಿಗೆ ಗೊತ್ತಾಗೋದು ಬ್ಯಾಡ."

ಅವನಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ತಾಯಿಗೆ ಅವನ ಸಂಬಳ ಸಾಲುತ್ತಿತ್ತು. ಹಟ್ಟಿಯ ಉಳಿದವರಿಗೆ ಕುರಿಗಳಷ್ಟೇ ಇದ್ದವು. ತಿದ್ದುವ ಮುನ್ನ ಆ ನೆಲವನ್ನು ಗರಸೆಂದು ಬರೆದವನೂ ಅವನೇ, ಸಮೀಕ್ಷೆಯವರು ಕೊಟ್ಟ ಗೆರೆಯ ಮೇಲೆ. ಆ ಗೆರೆಯನ್ನು ಸಿದ್ದಗಂಗಯ್ಯ ಹೊಸ ಹಾಳೆಯಲ್ಲಿ ಮತ್ತೆ ಎಳೆಸಿದರು. ಗೋಮಾಳ ಬೇಲಿಯ ಪಟ್ಟಿಗೆ ಸೇರಿತು.

ಬಂಧನದ ಮರುದಿನ ಕ್ಯಾತಮ್ಮ ಠಾಣೆಗೆ ಬಂದಳು. ಕಂಕುಳಲ್ಲಿ ಬಟ್ಟೆ ಕಟ್ಟಿದ ಮುದ್ದೆ.

"ನನ್ ಮಗನ್ ಮ್ಯಾಲೆ ಯಾರು ಸ್ವಾಮಿ ಹೇಳ್ಬುಟ್ಟೋರು? ಅವ್ರ ಮನೆ ಹಾಳಾಗ."

ಓಬಳಪ್ಪ ಬಾಗಿಲ ಕಡೆ ತಿರುಗಿದ. ಮರುಳಸಿದ್ದಯ್ಯ ಎದ್ದು ನಿಂತರು, ಕೂತರು, ಮತ್ತೆ ಎದ್ದರು.

"ಬುತ್ತಿ ಕೊಡಮ್ಮ," ಎಂದರು. "ಒಳಗೆ ಕಳಿಸ್ತೀನಿ."